ಹೊಸ ದರ, ಹಳೆಯ ಪ್ರತಿ: ಬ್ರೌಸರ್ ಸಂಗ್ರಹವನ್ನು ಹತೋಟಿಯಲ್ಲಿಡುವ ಬಗೆ

2025ರ ಸೆಪ್ಟೆಂಬರ್ 3ರಂದು ನಡೆದ ಜಿಎಸ್‌ಟಿ ಮಂಡಳಿಯ 56ನೆಯ ಸಭೆಯು ತೆರಿಗೆ ದರಗಳ ಪುನರ್‌ವಿಂಗಡಣೆಗೆ ಒಪ್ಪಿಗೆ ನೀಡಿತು. ಬಹುತೇಕ ಸರಕುಗಳಿಗೆ ಹೊಸ ದರಗಳು ಅದೇ ತಿಂಗಳ 22ರಿಂದ ಜಾರಿಗೆ ಬಂದವು. ತಲೆಗೆ ಹಚ್ಚುವ ಎಣ್ಣೆ, ಶಾಂಪೂ, ಟೂತ್‌ಪೇಸ್ಟ್‌ಗಳ ಮೇಲಿನ ತೆರಿಗೆ ಶೇ. 18ರಿಂದ ಶೇ. 5ಕ್ಕೂ, ತುಪ್ಪ ಮತ್ತು ಬೆಣ್ಣೆಯ ಮೇಲಿನದು ಶೇ. 12ರಿಂದ ಶೇ. 5ಕ್ಕೂ, ಸಿಮೆಂಟಿನ ಮೇಲಿನದು ಶೇ. 28ರಿಂದ ಶೇ. 18ಕ್ಕೂ ಇಳಿಯಿತು. ಸಿದ್ಧತೆಗೆ ದೊರೆತ ಕಾಲಾವಕಾಶ ಕೇವಲ 19 ದಿನಗಳು.

ಬಿಲ್ಲು ಬರೆಯುವ ತಂತ್ರಾಂಶವು ಈಗ ಅನೇಕ ಅಂಗಡಿ ಹಾಗೂ ಕಾರ್ಖಾನೆಗಳಲ್ಲಿ ಬ್ರೌಸರ್‌ನೊಳಗೇ ನಡೆಯುತ್ತದೆ. ದರಪಟ್ಟಿ ಎಲ್ಲೋ ದೂರದ ಸರ್ವರ್‌ನಲ್ಲಿರುತ್ತದೆ. ಕೌಂಟರಿನ ಗಣಕಯಂತ್ರವು ಬೇಕಾದಾಗ ಅದನ್ನು ಕೇಳಿ ಪಡೆಯುತ್ತದೆ. ಸರ್ವರ್‌ನಲ್ಲಿ ದರವನ್ನು ತಿದ್ದಿದ ಕ್ಷಣದಿಂದಲೇ ಎಲ್ಲ ಕೌಂಟರುಗಳಲ್ಲಿಯೂ ಹೊಸ ದರ ಬರುತ್ತದೆಂದು ಮಾಲೀಕರು ನಂಬುವುದು ಸಹಜ. ಆದರೆ ಬ್ರೌಸರು ತಾನು ಹಿಂದೆ ತಂದಿಟ್ಟುಕೊಂಡ ಪ್ರತಿಯನ್ನೇ ಮುಂದಿಟ್ಟರೆ, ಸರ್ವರ್‌ನಲ್ಲಿ ಶೇ. 5 ಇದ್ದರೂ ಬಿಲ್ಲಿನಲ್ಲಿ ಶೇ. 18 ಮೂಡುವ ಸಂಭವವುಂಟು. ಸಿಜಿಎಸ್‌ಟಿ ಕಾಯ್ದೆಯ 76ನೆಯ ಕಲಮಿನ ಪ್ರಕಾರ ತೆರಿಗೆಯೆಂದು ಗ್ರಾಹಕರಿಂದ ಪಡೆದ ಮೊತ್ತವನ್ನು ಸರ್ಕಾರಕ್ಕೆ ಕಟ್ಟಲೇಬೇಕು. ಹೆಚ್ಚಾಗಿ ವಿಧಿಸಿದ್ದನ್ನು ಸರಿಪಡಿಸಲು 34ನೆಯ ಕಲಮಿನಡಿ ಕ್ರೆಡಿಟ್ ನೋಟ್ ನೀಡಬೇಕು. ಹತ್ತು ದಿನಗಳ ಬಿಲ್ಲುಗಳಿಗೆ ಕ್ರೆಡಿಟ್ ನೋಟ್ ಬರೆಯುವ ಗುಮಾಸ್ತರ ಪಾಡು ವರ್ತಕ ಬಾಂಧವರಿಗೆ ವಿವರಿಸಿ ಹೇಳಬೇಕಾದುದಲ್ಲ. ಹೀಗಾಗಿ, ಕೇವಲ ತಂತ್ರಜ್ಞರ ವಿಷಯವೆಂದು ತೋರುವ ಬ್ರೌಸರ್ ಸಂಗ್ರಹವು ವಾಸ್ತವವಾಗಿ ಲೆಕ್ಕಪತ್ರದ ವಿಷಯವೂ ಆಗಿದೆ.

ಸಂಗ್ರಹವೆಂದರೇನು?

ತಂತ್ರಜ್ಞರು ಇದನ್ನು ‘ಕ್ಯಾಶ್’ ಎನ್ನುತ್ತಾರೆ. ಉಚ್ಚಾರ ಒಂದೇ ಆದರೂ ಗಲ್ಲಾಪೆಟ್ಟಿಗೆಯ ಕ್ಯಾಶಿಗೂ ಇದಕ್ಕೂ ಸಂಬಂಧವಿಲ್ಲ. ಬಚ್ಚಿಟ್ಟ ಸಂಗ್ರಹ ಎಂಬುದು ಈ ಪದದ ಮೂಲ ಅರ್ಥ. ಗೋದಾಮಿಗೆ ಮತ್ತೆ ಮತ್ತೆ ಆಳನ್ನು ಕಳುಹಿಸುವ ಬದಲು, ಹೆಚ್ಚು ಓಡುವ ಸರಕನ್ನು ಅಂಗಡಿಯ ಕೈಗೆಟುಕುವ ಕಪಾಟಿನಲ್ಲಿ ಇಟ್ಟುಕೊಳ್ಳುವ ರೂಢಿಗೆ ಇದನ್ನು ಹೋಲಿಸಬಹುದು. ಬ್ರೌಸರು ಸರ್ವರ್‌ಗೆ ಒಂದು ವಿಳಾಸವನ್ನು ಕೊಟ್ಟು ಮಾಹಿತಿಯನ್ನು ಕೋರುತ್ತದೆ. ಬಂದ ಉತ್ತರದ ಪ್ರತಿಯನ್ನು ಆ ವಿಳಾಸದ ಹೆಸರಿನಲ್ಲಿ ತನ್ನ ಬಳಿ ಇರಿಸಿಕೊಳ್ಳುತ್ತದೆ. ಅದೇ ವಿಳಾಸವನ್ನು ಪುನಃ ಕೇಳಿದಾಗ, ಪ್ರತಿಯು ಇನ್ನೂ ‘ತಾಜಾ’ ಆಗಿದೆಯೆಂದು ಕಂಡುಬಂದರೆ ಸರ್ವರ್‌ನ ಕಡೆಗೆ ಹೋಗುವುದೇ ಇಲ್ಲ.

ಇದರ ಲಾಭ ಅಲ್ಪವಾದುದಲ್ಲ. ಲಾಂಛನ, ಸರಕುಗಳ ಚಿತ್ರಗಳು, ಪುಟದ ವಿನ್ಯಾಸ ಮುಂತಾದವು ಪ್ರತಿ ಸಲವೂ ದೂರದಿಂದಲೇ ಬರಬೇಕೆಂದರೆ ನಿಧಾನಗತಿಯ ಸಂಪರ್ಕವಿರುವ ಊರುಗಳಲ್ಲಿ ಗಿರಾಕಿಯು ಕೌಂಟರಿನ ಮುಂದೆ ಕಾದು ನಿಲ್ಲಬೇಕಾಗುತ್ತದೆ. ತೊಡಕು ಹುಟ್ಟುವುದು ದರ, ದಾಸ್ತಾನು, ಬಾಕಿ ಮೊದಲಾದ ಬದಲಾಗುವ ಅಂಕಿಗಳೂ ಅದೇ ಕಪಾಟಿಗೆ ಸೇರಿದಾಗ.

ಸರ್ವರ್ ಮೌನವಾಗಿದ್ದರೆ

ಪ್ರತಿಯನ್ನು ಎಷ್ಟು ಕಾಲ ಇಟ್ಟುಕೊಳ್ಳಬಹುದೆಂದು ಹೇಳುವ ಅಧಿಕಾರ ಸರ್ವರ್‌ನದು. ಸರಕಿನ ಜೊತೆಗೆ ಬರುವ ಚಲನ್‌ನಂತೆ, ಪ್ರತಿಯೊಂದು ಉತ್ತರದ ಮೊದಲಿಗೂ ‘ಹೆಡರ್’ ಎನಿಸಿಕೊಳ್ಳುವ ಕೆಲವು ಸಾಲುಗಳಿರುತ್ತವೆ. ಅವುಗಳಲ್ಲಿ ‘ಕ್ಯಾಶ್-ಕಂಟ್ರೋಲ್’ ಎಂಬ ಸಾಲು ಈ ಸೂಚನೆಯನ್ನು ಹೊತ್ತು ತರುತ್ತದೆ. ಈ ನಿಯಮಗಳು ಎಚ್‌ಟಿಟಿಪಿ ಎಂಬ ಸಂವಹನ ಪದ್ಧತಿಯ 1.1ನೆಯ ಆವೃತ್ತಿಯೊಂದಿಗೆ 1997ರಲ್ಲಿ ಪ್ರಕಟವಾದವು. ಈಗ ಜಾರಿಯಲ್ಲಿರುವ ಪಾಠವು 2022ರ ಜೂನ್ ತಿಂಗಳಲ್ಲಿ ಹೊರಬಂದ ಆರ್‌ಎಫ್‌ಸಿ 9111 ಎಂಬ ದಾಖಲೆಯಲ್ಲಿದೆ.

ಸೂಚನೆಯನ್ನೇ ಬರೆಯದಿದ್ದರೆ ಬ್ರೌಸರು ಸುಮ್ಮನೆ ಪ್ರತಿ ಸಲವೂ ಸರ್ವರನ್ನು ಕೇಳುತ್ತದೆಂಬುದು ಅನೇಕ ತಂತ್ರಾಂಶ ತಯಾರಕರಲ್ಲಿಯೂ ಇರುವ ತಪ್ಪು ತಿಳಿವಳಿಕೆ. ನಿಯಮದ ಪ್ರಕಾರ, ಸೂಚನೆ ಇಲ್ಲದಾಗ ಬ್ರೌಸರು ತನ್ನದೇ ಅಂದಾಜನ್ನು ಮಾಡಬಹುದು. ಮಾಹಿತಿಯು ಕೊನೆಯ ಬಾರಿ ಎಂದು ಬದಲಾಯಿತೆಂಬ ದಿನಾಂಕವು ಉತ್ತರದಲ್ಲಿದ್ದರೆ, ಅಂದಿನಿಂದ ಕಳೆದ ಅವಧಿಯ ಹತ್ತನೆಯ ಒಂದು ಭಾಗದಷ್ಟು ಕಾಲ ಪ್ರತಿಯನ್ನು ತಾಜಾ ಎಂದು ಪರಿಗಣಿಸುವುದು ವಾಡಿಕೆಯ ಅಂದಾಜು.

ಒಂದು ದರಪಟ್ಟಿಯ ಕಡತವು 200 ದಿನಗಳಿಂದ ಬದಲಾಗಿಲ್ಲವೆಂದು ಭಾವಿಸೋಣ. ಕೌಂಟರಿನ ಬ್ರೌಸರು ಅದನ್ನು ಸೆಪ್ಟೆಂಬರ್ 15ರಂದು ಪಡೆಯಿತು. 200ರ ಹತ್ತನೆಯ ಒಂದು ಭಾಗ 20 ದಿನಗಳು. ಅಂದರೆ ಅಕ್ಟೋಬರ್ 5ರವರೆಗೆ ಅದು ಸರ್ವರನ್ನು ಕೇಳದಿರಲು ನಿಯಮವೇ ಅವಕಾಶ ಕೊಡುತ್ತದೆ. ಸೆಪ್ಟೆಂಬರ್ 22ರ ಬದಲಾವಣೆ ಈ ಅವಧಿಯ ನಡುವೆಯೇ ಬೀಳುತ್ತದೆ. ಇಲ್ಲಿನ ವಿಪರ್ಯಾಸವೆಂದರೆ, ದರವು ಎಷ್ಟು ದೀರ್ಘಕಾಲ ಸ್ಥಿರವಾಗಿತ್ತೋ ಅಷ್ಟೇ ದೀರ್ಘಕಾಲ ಹಳೆಯ ಪ್ರತಿ ಉಳಿಯುತ್ತದೆ. ತಂತ್ರಾಂಶವು ಪ್ರತಿ ಕೋರಿಕೆಗೂ ದತ್ತಸಂಚಯದಿಂದ ಹೊಸದಾಗಿ ಉತ್ತರ ರಚಿಸುವಂತಿದ್ದರೆ ಸಾಮಾನ್ಯವಾಗಿ ಈ ದಿನಾಂಕವೇ ಇರುವುದಿಲ್ಲವಾದ್ದರಿಂದ ಅಪಾಯ ಕಡಿಮೆ; ಸಿದ್ಧಕಡತವನ್ನು ಹಾಗೆಯೇ ಕೊಡುವ ವ್ಯವಸ್ಥೆಗಳಲ್ಲಿ ಹೆಚ್ಚು.

ಅವಧಿಯನ್ನು ಸ್ಪಷ್ಟವಾಗಿ ಬರೆದಾಗಲೂ ಎಚ್ಚರ ಬೇಕು. ‘ಮ್ಯಾಕ್ಸ್-ಏಜ್’ ಎಂಬ ಸೂಚನೆಯು ಪ್ರತಿಯ ಆಯುಷ್ಯವನ್ನು ಸೆಕೆಂಡುಗಳಲ್ಲಿ ನಿಗದಿಪಡಿಸುತ್ತದೆ. 30 ದಿನಗಳಿಗೆ 25,92,000 ಸೆಕೆಂಡುಗಳು. ಹೀಗೆಂದು ಬರೆದ ದರಪಟ್ಟಿಯನ್ನು ಸೆಪ್ಟೆಂಬರ್ 2ರಂದು ಪಡೆದ ಬ್ರೌಸರು ಅಕ್ಟೋಬರ್ 2ರವರೆಗೆ ಅದನ್ನೇ ಬಳಸಬಹುದು. ಮಂಡಳಿಯ ನಿರ್ಧಾರ ಹೊರಬಿದ್ದ ದಿನವೇ ತಂತ್ರಾಂಶದವರು ಎಚ್ಚೆತ್ತು ಅವಧಿಯನ್ನು ಶೂನ್ಯಕ್ಕಿಳಿಸಿದರೂ ಪ್ರಯೋಜನವಿಲ್ಲ. ಹೊಸ ಸೂಚನೆಯು ಹೊಸದಾಗಿ ಕೇಳಿದವರಿಗಷ್ಟೇ ತಲುಪುತ್ತದೆ. ಅಂಚೆಗೆ ಹಾಕಿದ ಕೊಟೇಶನ್ನಿನಂತೆ, ಒಮ್ಮೆ ಹೊರಗೆ ಹೋದ ಪ್ರತಿಯನ್ನು ಸರ್ವರ್ ತಾನಾಗಿ ಹಿಂದಕ್ಕೆ ಕರೆಯಲಾರದು. ಆಗ ಉಳಿಯುವ ದಾರಿ ಒಂದೇ: ದರಪಟ್ಟಿಯ ವಿಳಾಸವನ್ನೇ ಬದಲಿಸುವುದು. ಹೊಸ ವಿಳಾಸಕ್ಕೆ ಹಳೆಯ ಪ್ರತಿ ಇಲ್ಲವಾದ್ದರಿಂದ ಬ್ರೌಸರು ಸರ್ವರ್‌ಗೆ ಹೋಗಲೇಬೇಕು. ಆದರೆ ಆ ಹೊಸ ವಿಳಾಸವನ್ನು ಹೇಳುವ ಮುಖ್ಯ ಪುಟವಾದರೂ ಹಳೆಯದಾಗಿರಬಾರದು.

ಎರಡು ಸೂಚನೆಗಳು, ಒಂದು ಗೊಂದಲ

‘ನೋ-ಕ್ಯಾಶ್’ ಹಾಗೂ ‘ನೋ-ಸ್ಟೋರ್’ ಎಂಬ ಎರಡು ಸೂಚನೆಗಳು ಹೆಸರಿನಲ್ಲಿ ಒಂದೇ ಅರ್ಥದವಾಗಿ ತೋರುತ್ತವೆ. ಹಾಗಲ್ಲ. ನೋ-ಸ್ಟೋರ್ ಎಂದರೆ ಪ್ರತಿಯನ್ನು ಇಟ್ಟುಕೊಳ್ಳಲೇಬಾರದು. ನೋ-ಕ್ಯಾಶ್ ಎಂದರೆ, ಹೆಸರು ಏನೇ ಹೇಳಲಿ, ಇಟ್ಟುಕೊಳ್ಳಬಹುದು. ಆದರೆ ಬಳಸುವ ಮುನ್ನ ಪ್ರತಿ ಸಲವೂ ಸರ್ವರನ್ನು ಕೇಳಿ ಖಚಿತಪಡಿಸಿಕೊಳ್ಳತಕ್ಕದ್ದು. ಈ ಹೆಸರನ್ನು ಇಟ್ಟವರು ಮುಂದಿನ ಪೀಳಿಗೆಯ ತಂತ್ರಜ್ಞರಿಗೆ ಉಪಕಾರ ಮಾಡಿದರೆಂದು ಹೇಳುವಂತಿಲ್ಲ.

ಖಚಿತಪಡಿಸಿಕೊಳ್ಳುವ ಈ ಕ್ರಮವು ವ್ಯಾಪಾರಸ್ಥರ ಪಾಲಿಗೆ ಅತ್ಯಂತ ಉಪಯುಕ್ತವಾದುದು. ಸರ್ವರ್ ತನ್ನ ಉತ್ತರದ ಮೇಲೆ ‘ಈಟ್ಯಾಗ್’ ಎಂಬ ಗುರುತನ್ನು ಹಾಕಿ ಕಳುಹಿಸುತ್ತದೆ. ಮಾಹಿತಿ ಬದಲಾದರೆ ಗುರುತೂ ಬದಲಾಗುತ್ತದೆ. ಮುಂದಿನ ಸಲ ಬ್ರೌಸರು ‘ನನ್ನ ಬಳಿ ಈ ಗುರುತಿನ ಪ್ರತಿ ಇದೆ, ಸರಿಯೇ?’ ಎಂದು ಕೇಳುತ್ತದೆ. ಬದಲಾವಣೆ ಇಲ್ಲದಿದ್ದರೆ ಸರ್ವರ್ 304 ಎಂಬ ಸಂಖ್ಯೆಯ ಚಿಕ್ಕ ಉತ್ತರವನ್ನಷ್ಟೇ ಕಳುಹಿಸುತ್ತದೆ. ಮಾಹಿತಿಯನ್ನು ಪುನಃ ಹೊತ್ತು ತರುವುದಿಲ್ಲ. ಬದಲಾಗಿದ್ದರೆ ಹೊಸ ಪಟ್ಟಿಯನ್ನೇ ಕೊಡುತ್ತದೆ.

ಲೆಕ್ಕ ಹಾಕಿ ನೋಡುವುದಾದರೆ, 400 ಕಿಲೋಬೈಟ್ ಗಾತ್ರದ ದರಪಟ್ಟಿಯನ್ನು ಎಂಟು ಕೌಂಟರುಗಳು ದಿನಕ್ಕೆ ನೂರು ಬಾರಿ ತೆರೆದರೆ 320 ಮೆಗಾಬೈಟ್ ಸಂಚಾರವಾಗುತ್ತದೆ. ಗುರುತನ್ನು ಕೇಳಿ 304 ಪಡೆಯುವ ಕ್ರಮದಲ್ಲಿ, ಒಂದು ಉತ್ತರಕ್ಕೆ ಒಂದು ಕಿಲೋಬೈಟ್ ಎಂದು ಧಾರಾಳವಾಗಿ ಹಿಡಿದರೂ, ಒಟ್ಟು 800 ಕಿಲೋಬೈಟ್ ಮೀರದು. ದರವೂ ಸದಾ ಹೊಸದಾಗಿರುತ್ತದೆ. ದರಪಟ್ಟಿಗೆ ಇದಕ್ಕಿಂತ ತಕ್ಕ ಏರ್ಪಾಡು ಇಲ್ಲ. ಆದರೂ ಎಲ್ಲದಕ್ಕೂ ನೋ-ಸ್ಟೋರ್ ಎಂದು ಬರೆದು ಕೈತೊಳೆದುಕೊಳ್ಳುವ ತಂತ್ರಾಂಶಗಳುಂಟು. ಅಂತಹವುಗಳಲ್ಲಿ ತಪ್ಪು ದರ ಬರುವುದಿಲ್ಲ ನಿಜ; ಅದರ ಬದಲು ತಂತ್ರಾಂಶ ನಿಧಾನವೆಂಬ ದೂರು ಬರುತ್ತದೆ.

ವಿಳಾಸಕ್ಕೆ ಬಾಲ ಕಟ್ಟುವ ಉಪಾಯ

ಪುಟವನ್ನು ಪೂರ್ತಿಯಾಗಿ ತೆರೆಯದೆ ಹಿನ್ನೆಲೆಯಲ್ಲಿ ಮಾಹಿತಿಯನ್ನಷ್ಟೇ ತರಿಸಿಕೊಳ್ಳುವ ಸೌಲಭ್ಯವು ಮೊದಲು ಕಾಣಿಸಿಕೊಂಡದ್ದು 1999ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ರಲ್ಲಿ. 2005ರ ಫೆಬ್ರವರಿಯಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಈ ವಿಧಾನಕ್ಕೆ ‘ಅಜಾಕ್ಸ್’ ಎಂದು ಹೆಸರಿಟ್ಟ ಬಳಿಕ ಅದರ ಬಳಕೆ ವ್ಯಾಪಕವಾಯಿತು. ಆ ಬ್ರೌಸರು ಇಂತಹ ಕೋರಿಕೆಗಳ ಉತ್ತರವನ್ನು ಧಾರಾಳವಾಗಿ ಕೂಡಿಡುತ್ತಿದ್ದ ಕಾರಣ, ‘ತಾಜಾ ಮಾಡು’ ಗುಂಡಿಯನ್ನು ಎಷ್ಟು ಒತ್ತಿದರೂ ಹಳೆಯ ಅಂಕಿಯೇ ಬರುತ್ತಿತ್ತು. ಆಗ ತಯಾರಕರು ಕಂಡುಕೊಂಡ ಉಪಾಯವೆಂದರೆ ವಿಳಾಸದ ತುದಿಗೆ ಆ ಕ್ಷಣದ ಸಮಯವನ್ನು ಬಾಲದಂತೆ ಸೇರಿಸುವುದು. ಪ್ರತಿ ಸಲವೂ ವಿಳಾಸ ಬೇರೆಯಾದ್ದರಿಂದ ಹಳೆಯ ಪ್ರತಿ ಹೊಂದಿಕೆಯಾಗದು. ಜೆಕ್ವೆರಿ ಎಂಬ ಜನಪ್ರಿಯ ಸಾಧನಸಂಗ್ರಹವು ಈ ಉಪಾಯವನ್ನು ಒಂದು ಆಯ್ಕೆಯಾಗಿಯೇ ಒದಗಿಸಿತು.

ಇಂಟರ್‌ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್ 15ರಂದು ನಿವೃತ್ತವಾಯಿತಾದರೂ ಆ ಕಾಲದಲ್ಲಿ ಬರೆದ ತಂತ್ರಾಂಶಗಳಲ್ಲಿ ಬಾಲ ಹಾಗೆಯೇ ಉಳಿದಿದೆ. ಉಪಾಯ ಕೆಲಸ ಮಾಡುತ್ತದೆ, ಅಲ್ಲಗಳೆಯುವಂತಿಲ್ಲ. ಆದರೆ ಬ್ರೌಸರು ಪ್ರತಿಯೊಂದು ಬಾಲಕ್ಕೂ ಬೇರೆ ಬೇರೆ ಪ್ರತಿ ಇಟ್ಟುಕೊಳ್ಳಬಹುದು. ಎಂದಿಗೂ ಬೇಡವಾದ ನೂರಾರು ಪ್ರತಿಗಳು ಕಪಾಟನ್ನು ತುಂಬಿ, ಉಪಯುಕ್ತವಾದವನ್ನು ಹೊರಗೆ ತಳ್ಳುತ್ತವೆ. 304ರ ಉಳಿತಾಯವೂ ಕೈತಪ್ಪುತ್ತದೆ.

ಈಗಿನ ಬ್ರೌಸರ್‌ಗಳಲ್ಲಿರುವ ‘ಫೆಚ್’ ಎಂಬ ವಿಧಾನದಲ್ಲಿ ಕೋರಿಕೆ ಕಳುಹಿಸುವಾಗಲೇ ಸಂಗ್ರಹವನ್ನು ನೋಡದಿರು, ಅಥವಾ ಸರ್ವರನ್ನು ಕೇಳಿಯೇ ಬಳಸು ಎಂದು ಹೇಳುವ ಆಯ್ಕೆಗಳಿವೆ. ಬಾಲದ ಅಗತ್ಯ ಉಳಿದಿಲ್ಲ. ಓದುವ ಕೋರಿಕೆಯನ್ನು ‘ಗೆಟ್’ ಬದಲು ‘ಪೋಸ್ಟ್’ ಕ್ರಮದಲ್ಲಿ ಕಳುಹಿಸುವ ಇನ್ನೊಂದು ರೂಢಿಯೂ ಇದೆ, ಪೋಸ್ಟ್ ಉತ್ತರಗಳನ್ನು ಬ್ರೌಸರು ಕೂಡಿಡುವುದಿಲ್ಲವೆಂಬ ನಂಬಿಕೆಯಿಂದ. 2012ರಲ್ಲಿ ಆಪಲ್‌ನ ಐಓಎಸ್ 6 ಬಂದಾಗ ಅದರ ಸಫಾರಿ ಬ್ರೌಸರು, ಸೂಚನೆಗಳಿಲ್ಲದ ಪೋಸ್ಟ್ ಉತ್ತರಗಳನ್ನೂ ಕೂಡಿಟ್ಟು ಆ ನಂಬಿಕೆಯನ್ನು ಹುಸಿಗೊಳಿಸಿತು. ಸರ್ವರ್‌ನ ಉತ್ತರದಲ್ಲಿ ಸ್ಪಷ್ಟ ಸೂಚನೆ ಬರೆದಿದ್ದವರಿಗೆ ಮಾತ್ರ ತೊಂದರೆ ತಟ್ಟಲಿಲ್ಲ.

ಇನ್ನೊಬ್ಬರ ಖಾತೆ ಕಾಣಿಸಿದಾಗ

ಹಳೆಯ ಅಂಕಿಗಿಂತಲೂ ಗಂಭೀರವಾದದ್ದು ಪರರ ಅಂಕಿ. ಬ್ರೌಸರ್ ಮತ್ತು ಸರ್ವರ್‌ಗಳ ನಡುವೆ, ವೇಗಕ್ಕಾಗಿ ಬಾಡಿಗೆಗೆ ಪಡೆದ ವಿತರಣಾ ಜಾಲವೊಂದು ಇರುವುದು ಇಂದು ಸಾಮಾನ್ಯ. ಅದೂ ಪ್ರತಿಗಳನ್ನು ಇಟ್ಟುಕೊಳ್ಳುತ್ತದೆ. ಆದರೆ ಒಬ್ಬರಿಗಾಗಿ ಅಲ್ಲ, ಎಲ್ಲರಿಗಾಗಿ. ಒಬ್ಬ ಗ್ರಾಹಕರ ಲೆಡ್ಜರ್ ಪುಟವು ಅಲ್ಲಿ ಉಳಿದರೆ ಅದೇ ವಿಳಾಸವನ್ನು ಕೇಳಿದ ಮತ್ತೊಬ್ಬರಿಗೆ ಅದೇ ಪುಟ ಹೋಗಬಹುದು.

ಇದು ಬರಿಯ ಊಹೆಯಲ್ಲ. 2015ರ ಡಿಸೆಂಬರ್ 25ರಂದು ಅಮೆರಿಕದ ವಾಲ್ವ್ ಸಂಸ್ಥೆಯ ‘ಸ್ಟೀಮ್’ ಎಂಬ ಆಟಗಳ ಮಾರಾಟ ತಾಣದ ಮೇಲೆ ಕೃತಕ ಕೋರಿಕೆಗಳ ದಾಳಿ ನಡೆಯಿತು. ಅದನ್ನು ತಾಳಿಕೊಳ್ಳಲು ಸಂಗ್ರಹದ ನಿಯಮಗಳನ್ನು ಬದಲಿಸಿದಾಗ ಒಂದು ತಪ್ಪು ಸಂಯೋಜನೆ ಜಾರಿಗೆ ಬಂದು, ಒಬ್ಬ ಗ್ರಾಹಕರಿಗಾಗಿ ರಚಿಸಿದ ಪುಟಗಳು ಬೇರೆಯವರಿಗೆ ಕಾಣಿಸಿಕೊಂಡವು. ಸಂಸ್ಥೆಯೇ ನೀಡಿದ ವಿವರಣೆಯಂತೆ, ಸುಮಾರು ಒಂದೂವರೆ ಗಂಟೆಯ ಅವಧಿಯಲ್ಲಿ ಸುಮಾರು 34,000 ಗ್ರಾಹಕರ ಪುಟಗಳು ಹೀಗೆ ಪರರ ಕಣ್ಣಿಗೆ ಬಿದ್ದಿರಬಹುದು. ಕೆಲವು ಪುಟಗಳಲ್ಲಿ ವಿಳಾಸ, ಖರೀದಿಯ ವಿವರ, ಇ-ಅಂಚೆ ವಿಳಾಸಗಳಿದ್ದವು. ಪೂರ್ಣ ಕಾರ್ಡ್ ಸಂಖ್ಯೆಯಾಗಲಿ ಗುಪ್ತಪದವಾಗಲಿ ಅವುಗಳಲ್ಲಿ ಇರಲಿಲ್ಲ.

ವಿತರಕರಿಗೆ ತಮ್ಮ ಬಾಕಿ ಮತ್ತು ರಿಯಾಯಿತಿ ದರಗಳನ್ನು ಅಂತರಜಾಲದ ಮೂಲಕ ತೋರಿಸುವ ತಯಾರಕರು ಇದನ್ನು ಗಮನಿಸಬೇಕು. ಒಬ್ಬ ಡೀಲರಿಗೆ ಕೊಟ್ಟ ರಿಯಾಯಿತಿ ಪಕ್ಕದ ಡೀಲರಿಗೆ ತಿಳಿದರೆ ಆಗುವ ಹಾನಿಗೆ ಕ್ರೆಡಿಟ್ ನೋಟ್‌ನ ಪರಿಹಾರವೂ ಇಲ್ಲ. ‘ಪ್ರೈವೇಟ್’ ಎಂಬ ಸೂಚನೆಯು ಪ್ರತಿಯನ್ನು ಆ ವ್ಯಕ್ತಿಯ ಬ್ರೌಸರು ಮಾತ್ರ ಇಡಬಹುದೆಂದು ಹೇಳುತ್ತದೆ. ಖಾತೆಯ ವಿವರಗಳಿಗೆ ಕನಿಷ್ಠ ಇಷ್ಟಾದರೂ ಇರಬೇಕು. ಕೋರಿಕೆಯಲ್ಲಿ ‘ಆಥರೈಸೇಶನ್’ ಎಂಬ ಹೆಡರ್ ಇದ್ದರೆ, ಸರ್ವರ್ ಬೇರೆ ರೀತಿ ಹೇಳದ ಹೊರತು ಹಂಚಿಕೆಯ ಸಂಗ್ರಹಗಳು ಉತ್ತರವನ್ನು ಮರುಬಳಸಬಾರದೆಂಬ ರಕ್ಷಣೆಯನ್ನು ನಿಯಮವೇ ನೀಡಿದೆ. ಆದರೆ ಕುಕಿ ಮೂಲಕ ಬಳಕೆದಾರರನ್ನು ಗುರುತಿಸುವ ತಂತ್ರಾಂಶಗಳಿಗೆ ಆ ರಕ್ಷಣೆ ಅನ್ವಯಿಸುವುದಿಲ್ಲ, ಮತ್ತು ಅಂತಹ ತಂತ್ರಾಂಶಗಳು ಬಹಳ.

ಒಂದೇ ಗಣಕಯಂತ್ರವನ್ನು ಪಾಳಿಯ ಮೇಲೆ ಹಲವು ನೌಕರರು ಬಳಸುವ ಕಚೇರಿಗಳಲ್ಲಿ ಪ್ರೈವೇಟ್ ಕೂಡ ಸಾಲದು. ಒಬ್ಬರು ಹೊರಬಂದ ನಂತರ ಇನ್ನೊಬ್ಬರು ಬ್ರೌಸರಿನ ಹಿಂದಿನ ಪುಟದ ಗುಂಡಿ ಒತ್ತಿದಾಗ ಸಂಬಳದ ಪಟ್ಟಿಯೋ ಬ್ಯಾಂಕ್ ವಿವರವೋ ಕಾಣಿಸಬಾರದಲ್ಲವೇ? ಅಂತಹ ಮಾಹಿತಿಗೆ ನೋ-ಸ್ಟೋರ್ ಸೂಚನೆಯೇ ತಕ್ಕದ್ದು.

ದಾಸ್ತಾನಿನ ಪ್ರಶ್ನೆ ಬೇರೆ

ಸೂಚನೆಗಳನ್ನೆಲ್ಲ ಸರಿಯಾಗಿ ಬರೆದರೂ ಬಗೆಹರಿಯದ ಒಂದು ತೊಡಕಿದೆ. ಗೋದಾಮಿನಲ್ಲಿ 40 ಚೀಲ ಸರಕು ಉಳಿದಿದೆಯೆಂದಿಟ್ಟುಕೊಳ್ಳೋಣ. ಇಬ್ಬರು ಮಾರಾಟ ಪ್ರತಿನಿಧಿಗಳು ಬೇರೆ ಬೇರೆ ಊರುಗಳಲ್ಲಿ ಒಂದೇ ನಿಮಿಷದಲ್ಲಿ ಪರದೆಯನ್ನು ತೆರೆಯುತ್ತಾರೆ. ಇಬ್ಬರಿಗೂ ಸರ್ವರ್‌ನಿಂದ ನೇರವಾಗಿ ಬಂದ, ಆ ಕ್ಷಣಕ್ಕೆ ಸತ್ಯವಾದ 40 ಎಂಬ ಅಂಕಿ ಕಾಣಿಸುತ್ತದೆ. ಇಬ್ಬರೂ 40 ಚೀಲಗಳಿಗೆ ಆದೇಶ ಒಪ್ಪಿಕೊಳ್ಳುತ್ತಾರೆ. ಇಲ್ಲಿ ಸಂಗ್ರಹದ ತಪ್ಪೇನೂ ಇಲ್ಲ. ಪರದೆಯ ಮೇಲೆ ಮೂಡಿದ ಅಂಕಿಯು ಮೂಡಿದ ಕ್ಷಣದಿಂದಲೇ ಹಳತಾಗತೊಡಗುತ್ತದೆ.

ಆದ್ದರಿಂದ ದಾಸ್ತಾನು ಮತ್ತು ದರಗಳ ಅಂತಿಮ ತೀರ್ಮಾನವು ಆದೇಶವನ್ನು ದಾಖಲಿಸುವ ವೇಳೆಯಲ್ಲಿ ಸರ್ವರ್‌ನಲ್ಲಿಯೇ ಆಗಬೇಕು. ಬ್ರೌಸರು ಕಳುಹಿಸಿದ ದರವನ್ನು ಸರ್ವರ್ ಹಾಗೆಯೇ ನಂಬಿ ಬಿಲ್ಲು ಮಾಡಕೂಡದು. ಇದಕ್ಕೂ ಈಟ್ಯಾಗ್ ನೆರವಾಗುತ್ತದೆ. ‘ನಾನು ನೋಡಿದ ಗುರುತು ಈಗಲೂ ಅದೇ ಆಗಿದ್ದರೆ ಮಾತ್ರ ಇದನ್ನು ದಾಖಲಿಸು’ ಎಂದು ಆದೇಶದ ಜೊತೆಗೆ ಹೇಳಬಹುದು. ನಡುವೆ ಬದಲಾಗಿದ್ದರೆ ಸರ್ವರ್ 412 ಎಂಬ ಸಂಖ್ಯೆಯೊಂದಿಗೆ ನಿರಾಕರಿಸುತ್ತದೆ, ಎರಡನೆಯ ಪ್ರತಿನಿಧಿಗೆ ಹೊಸ ಅಂಕಿಯನ್ನು ತೋರಿಸಬಹುದು. ತೆರಿಗೆ ದರದ ವಿಷಯದಲ್ಲಿಯೂ ಈ ಕ್ರಮವಿದ್ದರೆ, ಕೌಂಟರಿನಲ್ಲಿ ಹಳೆಯ ಪಟ್ಟಿ ಉಳಿದಿದ್ದರೂ ತಪ್ಪು ಬಿಲ್ಲು ಹೊರಬೀಳದು. ತಂತ್ರಾಂಶ ಕೊಳ್ಳುವವರು ಸಂಗ್ರಹದ ಬಗೆಗೆ ಕೇಳುವುದಕ್ಕೆ ಮೊದಲು ಇದನ್ನು ಕೇಳುವುದು ಲೇಸು.

ಸಂಪರ್ಕ ಕಡಿದಾಗಲೂ ನಡೆಯುವಂತೆ ರೂಪಿಸಿದ ತಂತ್ರಾಂಶಗಳು ‘ಸರ್ವಿಸ್ ವರ್ಕರ್’ ಎಂಬ ಏರ್ಪಾಡಿನ ಮೂಲಕ ತಮ್ಮದೇ ಪ್ರತ್ಯೇಕ ಕಪಾಟನ್ನು ಇಟ್ಟುಕೊಳ್ಳುತ್ತವೆ. ಅಲ್ಲಿಟ್ಟ ಪ್ರತಿಗಳ ಆಯುಷ್ಯವನ್ನು ಹೆಡರ್ ಸೂಚನೆಗಳು ನಿರ್ಧರಿಸುವುದಿಲ್ಲ. ತಯಾರಕರು ಬರೆದ ಕ್ರಮವಿಧಿಯೇ ನಿರ್ಧರಿಸುತ್ತದೆ.

ಪರೀಕ್ಷಿಸುವ ಬಗೆ

ತಮ್ಮ ತಂತ್ರಾಂಶ ಹೇಗಿದೆಯೆಂದು ನೋಡಲು ತಜ್ಞರೇ ಬೇಕೆಂದಿಲ್ಲ. ಕ್ರೋಮ್ ಅಥವಾ ಎಡ್ಜ್ ಬ್ರೌಸರಿನಲ್ಲಿ ಎಫ್12 ಕೀಲಿಯನ್ನೊತ್ತಿ ‘ನೆಟ್‌ವರ್ಕ್’ ವಿಭಾಗವನ್ನು ತೆರೆದು, ದರ ಅಥವಾ ದಾಸ್ತಾನಿನ ಪರದೆಗೆ ಹೋದರೆ ಪ್ರತಿಯೊಂದು ಕೋರಿಕೆಯೂ ಒಂದೊಂದು ಸಾಲಾಗಿ ಕಾಣುತ್ತದೆ. ಗಾತ್ರದ ಅಂಕಣದಲ್ಲಿ ಡಿಸ್ಕ್ ಕ್ಯಾಶ್ ಅಥವಾ ಮೆಮೊರಿ ಕ್ಯಾಶ್ ಎಂದಿದ್ದರೆ ಉತ್ತರವು ಸರ್ವರ್‌ನಿಂದ ಬಂದಿಲ್ಲವೆಂದು ತಿಳಿಯಬೇಕು. ಸಾಲಿನ ಮೇಲೆ ಒತ್ತಿದರೆ ಕ್ಯಾಶ್-ಕಂಟ್ರೋಲ್ ಸೂಚನೆ ಇದೆಯೇ, ಇದ್ದರೆ ಏನಿದೆ ಎಂಬುದೂ ಗೋಚರಿಸುತ್ತದೆ.

ಇದೇ ವಿಭಾಗದಲ್ಲಿ ‘ಡಿಸೇಬಲ್ ಕ್ಯಾಶ್’ ಎಂಬ ಒಂದು ಚೌಕವಿದೆ. ಅದಕ್ಕೆ ಗುರುತು ಹಾಕಿದರೆ ಈ ವಿಭಾಗ ತೆರೆದಿರುವವರೆಗೆ ಬ್ರೌಸರು ಸಂಗ್ರಹವನ್ನು ಬಳಸುವುದಿಲ್ಲ. ತಯಾರಕರಲ್ಲಿ ಹಲವರು ಕೆಲಸದ ಅನುಕೂಲಕ್ಕಾಗಿ ಅದನ್ನು ಸದಾ ಗುರುತು ಹಾಕಿಯೇ ಇಟ್ಟಿರುತ್ತಾರೆ. ಅಂಗಡಿಯವರು ಹಳೆಯ ದರ ಬರುತ್ತಿದೆಯೆಂದು ದೂರವಾಣಿಯಲ್ಲಿ ಹೇಳಿದಾಗ ‘ಇಲ್ಲಿ ಸರಿಯಾಗಿಯೇ ಬರುತ್ತಿದೆಯಲ್ಲ ಸಾರ್’ ಎಂಬ ಉತ್ತರ ಬರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಹೇಳುವವರಿಬ್ಬರೂ ಸುಳ್ಳಾಡುತ್ತಿರುವುದಿಲ್ಲ.

ಕಂಟ್ರೋಲ್ ಮತ್ತು ಎಫ್5 ಕೀಲಿಗಳನ್ನು ಒಟ್ಟಿಗೆ ಒತ್ತಿ ಎಂಬ ಸಲಹೆಯೂ ಪೂರ್ಣ ಪರಿಹಾರವಲ್ಲ. ಅದು ಪುಟವನ್ನು ಹೊಸದಾಗಿ ತರುತ್ತದೆ. ಪುಟ ತೆರೆದ ಬಳಿಕ ಹಿನ್ನೆಲೆಯಲ್ಲಿ ಹೋಗುವ ಮಾಹಿತಿ ಕೋರಿಕೆಗಳಿಗೂ ಅದು ಅನ್ವಯಿಸುತ್ತದೆಂಬ ಖಾತ್ರಿಯಿಲ್ಲ. ನಿಜವಾದ ಪರೀಕ್ಷೆಯೆಂದರೆ, ಮುಖ್ಯ ಗಣಕಯಂತ್ರದಲ್ಲಿ ಒಂದು ನಮೂನೆ ಸರಕಿನ ದರವನ್ನು ಬದಲಿಸಿ, ಬೇರೊಂದು ಕೌಂಟರಿನಲ್ಲಿ ಯಾವ ಕೀಲಿಯನ್ನೂ ಒತ್ತಿ ತಾಜಾ ಮಾಡದೆ ಅದೇ ಸರಕಿಗೆ ಹೊಸ ಬಿಲ್ಲು ತೆರೆದು ನೋಡುವುದು. ಡೀಲರುಗಳಿಗೆ ಖಾತೆ ತೋರಿಸುವ ತಾಣವಿದ್ದರೆ, ಎರಡು ಬೇರೆ ಬೇರೆ ಡೀಲರ್ ಹೆಸರಿನಲ್ಲಿ ಎರಡು ಗಣಕಯಂತ್ರಗಳಿಂದ ಒಂದರ ಹಿಂದೊಂದು ಪ್ರವೇಶಿಸಿ ಬಾಕಿಯ ಪುಟವನ್ನು ಹೋಲಿಸುವುದೂ ಅಗತ್ಯ. ವಾರ್ಷಿಕ ನಿರ್ವಹಣಾ ಒಪ್ಪಂದವನ್ನು ನವೀಕರಿಸುವ ಮೊದಲು ಈ ಎರಡು ಪರೀಕ್ಷೆಗಳನ್ನು ತಂತ್ರಾಂಶದವರ ಸಮ್ಮುಖದಲ್ಲಿ, ಅವರ ಗಣಕಯಂತ್ರದಲ್ಲಿ ಅಲ್ಲದೆ ಅಂಗಡಿಯ ಗಣಕಯಂತ್ರದಲ್ಲಿ, ಮಾಡಿಸಿಕೊಳ್ಳತಕ್ಕದ್ದು.